ನಮ್ಮ ಕಟ್ಟೆಯ ಖಾಲಾ

ಆ ದಿನ ನಲ್ಲಿ ನೀರು ಬರುವ ದಿನ. ಹಳಿಯಾಳದ ನಮ್ಮ ಹಳೇ ಪೇಟೆಗೆ ದಿನ ಬಿಟ್ಟು ದಿನ ನೀರು, ಅದೂ ಆರಕ್ಕೆ ಬಂದರೆ ಏಳಕ್ಕೆ ನಿಂತುಬಿಡುತ್ತದೆ. ಐದೂವರೆಗೇ ಎದ್ದು ಹಾಲು ಕಾಯಲಿಟ್ಟೆ. ಹಿತ್ತಲಿನ ಎರಡು ಡ್ರಮ್ಮು ತೊಳೆದು ಪೈಪು ಇಳಿಬಿಟ್ಟೆ. ಇವರು ಅಂಗಡಿಯ ಬೀಗದ ಕೈ ಎಲ್ಲಿ ಎಂದು ದಿನದಂತೆ ಕೇಳಿದರು. ದಿನದಂತೆ ಅದು ಅವರ ಅಂಗಿಯ ಕಿಸೆಯಲ್ಲೇ ಇತ್ತು. ಮಗಳು ಧಾರವಾಡದ ಬಸ್ಸು ತಪ್ಪುತ್ತದೆಂದು ಒಂದು ಕೈಯಲ್ಲಿ ಜಡೆ ಹಿಡಿದುಕೊಂಡೇ ಅವಲಕ್ಕಿ ತಿಂದು ಹೋದಳು. ಡ್ರಮ್ಮು ತುಂಬಿದ ಮೇಲೆ ಒಂದು ಬಕೆಟ್ ನೀರು, ಒಂದು ಅರಿವೆ ಹಿಡಿದು ಮುಂದಿನ ಕಟ್ಟೆ ಒರೆಸಲು ಬಂದೆ. ಈಗ ಅದನ್ನು ಸೆಗಣಿಯಿಂದ ಸಾರಿಸುವಂತಿಲ್ಲ. ಮೇಲೆ ನುಣ್ಣನೆಯ ಬೂದುಗಲ್ಲು ಕೂಡಿಸಿದ್ದಾರೆ.

ಪಾವ್ ಮಾರುವಾತ ಸೈಕಲ್ಲಿನ ಹಾರನ್ ಒತ್ತುತ್ತ ಬಂದ. ಐವತ್ತರ ಆಸುಪಾಸಿನ ಮನುಷ್ಯ, ವಾರಕ್ಕೆರಡು ಸಲ ಬೇಕರಿಯ ಗಾಡಿಯ ಜೊತೆ ಮುಂಡಗೋಡಕ್ಕೂ ಹೋಗುತ್ತಾನೆ. ನಾಲ್ಕು ಪಾವ್ ನನ್ನ ಸೆರಗಿಗೆ ಹಾಕುತ್ತ, ನಿಮ್ಮ ಕಟ್ಟಿ ಮ್ಯಾಲೆ ಬಳಿ ಮಾರತಿದ್ದ ಖಾಲಾ ಹೋದ್ರಂತ ಅಕ್ಕಾರ, ಎಂದ. ಮೊನ್ನೆ ಮುಂಜಾನೆ. ಅಂದೇ ಮಣ್ಣೂ ಆಯಿತಂತೆ. ನನಗೆ ಗೊತ್ತಿರುತ್ತದೆ ಅಂದುಕೊಂಡಿದ್ದನೇನೋ, ನನ್ನ ಮುಖ ನೋಡಿ ಮಾತು ಸಣ್ಣ ಮಾಡಿದ. ಪಾವ್ ಒಳಗಿಟ್ಟು ಬಂದು, ಒರೆಸಿದ ಕಟ್ಟೆಯನ್ನೇ ಇನ್ನೊಮ್ಮೆ ಒರೆಸಿದೆ.

ಖಾಲಾ ಎಂದರೆ ಅವರ ಮನೆಮಾತಾದ ಉರ್ದುವಿನಲ್ಲಿ ತಾಯಿಯ ಒಡಹುಟ್ಟಿದವಳು. ಇಡೀ ಪೇಟೆ ಅವರನ್ನು ಹಾಗೇ ಕರೆಯುತ್ತಿತ್ತು. ಅವರ ಹೆಸರು ನನಗೆ ಗೊತ್ತಾದದ್ದು ನಾನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾದ ಮೇಲೆ, ಒಂದು ಅರ್ಜಿ ಬರೆಯುವಾಗ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದ ಜಾಗದಲ್ಲಿ ಬರೆಯದೆ ಬಿಟ್ಟವಳು ನಾನು. ಈಗ ಎಲ್ಲೆಂದರಲ್ಲಿ ಬರೆದು ಪ್ರಯೋಜನವಿಲ್ಲ.

ನಮ್ಮ ಮನೆಯ ಮುಂಭಾಗ ಅಂಗಡಿ, ಹಿಂದೆ ಮನೆ, ಮುಂದೆ ಎದೆಯೆತ್ತರಕ್ಕಿಂತ ತುಸು ಕಡಿಮೆಯ ಕಟ್ಟೆ. ಕಟ್ಟೆಯ ಮೇಲೆ ಎರಡು ಸಾಗವಾನಿ ಕಂಬ. ಬಲಗಡೆಯ ಕಂಬ ಒಬ್ಬರ ತೆಕ್ಕೆಗೆ ಸಿಗದಷ್ಟು ದಪ್ಪ. ಆ ಕಂಬಕ್ಕೂ ಗೋಡೆಗೂ ನಡುವೆ ಇಬ್ಬರು ಹೆಂಗಸರು ಎದುರುಬದುರು ಕೂಡುವಷ್ಟು ಜಾಗ. ಅಲ್ಲಿ ಗೋಣಿತಟ್ಟು ಹಾಸಿ, ಗಾಜಿನ ಮುಚ್ಚಳದ ಎರಡು ಪೆಟ್ಟಿಗೆ ಇಟ್ಟುಕೊಂಡು, ಒಂದು ಮೊಣಕಾಲು ಎತ್ತಿ ಖಾಲಾ ಕೂತಿರುತ್ತಿದ್ದರು. ಬೀದಿಯಲ್ಲಿ ಹೋಗುವ ಗಂಡಸರಿಗೆ ಕಂಬ ಕಾಣುತ್ತಿತ್ತೇ ಹೊರತು ಅದರ ಹಿಂದೆ ಕೈ ಚಾಚಿ ಕೂತವರು ಕಾಣುತ್ತಿರಲಿಲ್ಲ. ಖಾಲಾನ ವ್ಯಾಪಾರವೆಲ್ಲ ನಡೆದದ್ದು ಆ ಮರೆಯಲ್ಲಿ. ಬುರ್ಖಾದವರು, ಸೆರಗಿನವರು, ಜೊಯಿಡಾ ಕಡೆಯ ಕೊಂಕಣಿ ಬಾಯಂದಿರು, ಸಂತೆಯ ದಿನ ಹಳ್ಳಿಯಿಂದ ನಡೆದು ಬಂದ ಗೌಳಿ ಹೆಂಗಸರು, ಸಿದ್ದಿ ಹೆಂಗಸರು, ಎಲ್ಲರೂ ಅಲ್ಲಿ ಚಪ್ಪಲಿ ಬಿಟ್ಟು ಕಾಲು ಮೇಲೆ ಮಾಡಿ ಕೂಡುತ್ತಿದ್ದರು. ಊರಲ್ಲಿ ಹಾಗೆ ಕೂಡಲು ಹೆಂಗಸರಿಗೆ ಬೇರೆ ಎಲ್ಲಿ ಜಾಗ ಇತ್ತು?

ನಾನು ಮದುವೆಯಾಗಿ ಬಂದ ಮೂರನೆಯ ದಿನ ಅತ್ತೆ ನನ್ನನ್ನು ಅವರ ಮುಂದೆ ಕೂಡಿಸಿದರು. ನಾನು ಬೆಳೆದದ್ದು ದಾಂಡೇಲಿಯ ಗಿರಣಿ ಕಾಲೊನಿಯಲ್ಲಿ, ಓದಿದ್ದು ಅಲ್ಲಿನ ಕಾನ್ವೆಂಟಿನಲ್ಲಿ. ನಮ್ಮ ಸಿಸ್ಟರುಗಳು ಗಾಜಿನ ಬಳೆ ಹಾಕಗೊಡುತ್ತಿರಲಿಲ್ಲ. ಬೆಂಚಿಗೆ ಬಡಿದು ಸಪ್ಪಳವಾಗುತ್ತದೆ, ಒಡೆದರೆ ಗಾಯವಾಗುತ್ತದೆ ಎಂದು. ಹತ್ತು ವರ್ಷ ಬರಿಗೈಯಲ್ಲಿ ಬೆಳೆದ ನನ್ನ ಕೈಗೆ ಬಗ್ಗುವುದೇ ಗೊತ್ತಿರಲಿಲ್ಲ. ಖಾಲಾ ನನ್ನ ಬೆರಳು ಹಿಡಿದ ಕೂಡಲೇ ನಾನು ಮುಷ್ಟಿ ಬಿಗಿದೆ.

"ಈ ಕೈ ನಿಂದಲ್ಲ ಅಂತ ತಿಳಕೋ," ಎಂದರು. "ನನ್ನ ಕಡೆ ಇಟ್ಟು ಹೋಗೀದಿ, ಆಮ್ಯಾಲೆ ಬಂದು ತೊಗೊಂಡು ಹೋಗ್ತಿ. ಹಂಗ."

ಕೊಬ್ಬರಿ ಕರಟದಲ್ಲಿ ನೆನೆಸಿಟ್ಟ ಸಾಬೂನನ್ನು ನನ್ನ ಕೈಗೆ ಸವರಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಬುಡದ ಎಲುಬನ್ನು ತಮ್ಮ ಹೆಬ್ಬೆರಳಿನಿಂದ ಒತ್ತುತ್ತ ಒತ್ತುತ್ತ, ಬಳೆ ಗೆಣ್ಣಿನ ಹತ್ತಿರ ಬಂದಾಗ ಸಟ್ಟನೆ ಕೇಳಿದರು, ನಿಮ್ಮವ್ವ ಆಯಿತವಾರ ಏನ್ ಅಡಗಿ ಮಾಡ್ತಿದ್ಲು? ನಾನು ಯೋಚಿಸಿ ಬಾಯಿ ತೆರೆಯುವಷ್ಟರಲ್ಲಿ ಬಳೆ ಗೆಣ್ಣು ದಾಟಿತ್ತು. ಅದೇ ಅವರ ಕಸುಬು. ಬಳೆ ಹಾಯುವ ಆ ಒಂದು ಕ್ಷಣಕ್ಕೆ ಪ್ರತಿಯೊಬ್ಬಳಿಗೂ ತವರಿನ ಪ್ರಶ್ನೆ. ನಿಮ್ಮ ಬಾವಿ ನೀರು ಸಿಹಿಯೋ ಸವುಳೋ, ತಮ್ಮ ಈಗ ಎಷ್ಟು ಎತ್ತರ ಆಗ್ಯಾನ, ಅಂಗಳದಾಗಿನ ಪೇರಲ ಗಿಡ ಅದನೋ ಕಡಿದ್ರೋ. ತವರಿನ ಮಾತು ಬಂದರೆ ಕೈ ತಾನಾಗಿ ಮೆತ್ತಗಾಗುತ್ತದೆ ಎನ್ನುವುದು ಅವರ ಲೆಕ್ಕ. ಹೀಗೆ ಕೇಳಿ ಕೇಳಿ ಸುತ್ತಲಿನ ನಾಲ್ಕು ತಾಲ್ಲೂಕಿನ ಅಡುಗೆಮನೆಗಳು ಅವರಿಗೆ ಗೊತ್ತಿದ್ದವು. ಕೋಗಿಲಬನದ ಯಾವ ಮನೆಯ ಹಿತ್ತಲಿಗೆ ಹೊಳೆ ಬರುತ್ತದೆ, ಅತ್ತಿವೇರಿಯ ಯಾವ ಮನೆಯ ಅಜ್ಜಿ ಹಪ್ಪಳಕ್ಕೆ ಇಂಗು ಜಾಸ್ತಿ ಹಾಕುತ್ತಾಳೆ ಎಂಬುದನ್ನೆಲ್ಲ, ಆ ಊರಿಗೆ ಒಮ್ಮೆಯೂ ಹೋಗದೆ ಹೇಳುತ್ತಿದ್ದರು. ನಮಗೆಲ್ಲ ಪ್ರಶ್ನೆ ಕೇಳಿದ ಅವರ ತವರು ಯಾವುದೆಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಅಂದಿನಿಂದ ನಾನು ಅವರಿಗೆ ‘ಕಾನ್ವೆಂಟ್’. ಎಲ್ಲರಿಗೂ ಕೈ ನೋಡಿ ಹೆಸರಿಡುವುದು ಅವರ ಚಾಳಿ. ಜೋಳದ ರೊಟ್ಟಿ ಬಡಿದು ಅಂಗೈ ಗಟ್ಟಿಯಾದವರು ‘ರೊಟ್ಟಿ ಕೈ’. ಕನ್ನಡ ಶಾಲೆಯಲ್ಲಿ ಕಲಿಸುವ ಬಾಯಾರು ‘ಖಡು ಕೈ’, ಅವರ ಉಗುರಲ್ಲಿ ಸೀಮೆಸುಣ್ಣದ ಪುಡಿ ಹೋಗುವುದೇ ಇಲ್ಲವಂತೆ. ಎದುರಿನ ಪಾತ್ರೆ ಅಂಗಡಿಯವರ ಹೆಂಡತಿ, ನಾವೆಲ್ಲ ಅತ್ತಿಗೆಯೆಂಬಂತೆ ವೈನಿ ಎನ್ನುವವರು, ತಿಂಗಳಿಗೆರಡು ಸಲ ಬಳೆ ಒಡೆದುಕೊಂಡು ಬರುತ್ತಿದ್ದುದರಿಂದ ಅವರು ‘ಜಗಳದ ಕೈ’. ವೈನಿ ಒಮ್ಮೆ ಸಿಟ್ಟಾಗಿ, ನನ್ನ ಕೈಗೆ ಹೆಸರಿಡಾಕ ನೀ ಯಾರು ಎಂದು ಕೇಳಿದರೆ, ಖಾಲಾ ಆ ಕೈಯನ್ನು ಬಿಡದೆಯೇ, ಹೆಸರು ನಾ ಇಟ್ಟಿಲ್ಲವ್ವ, ನಿನ್ನ ಗಂಡ ಇಟ್ಟಾನ, ಎಂದಿದ್ದರು. ವೈನಿಯೇ ಮೊದಲು ನಕ್ಕರು.

ಅವರ ಕೈಯಲ್ಲಿ ಮಾತ್ರ ಸವೆದ ಎರಡೇ ಬೆಳ್ಳಿ ಬಳೆ. ಗಾಜಿನದು ಯಾಕಿಲ್ಲ ಎಂದು ಯಾವುದೋ ಹುಡುಗಿ ಕೇಳಿದ್ದಕ್ಕೆ, ಮಿಠಾಯಿ ಮಾರಾವ್ರು ಮಿಠಾಯಿ ತಿಂತಾರೇನ ಬೇಟಿ, ಎಂದುಬಿಟ್ಟಿದ್ದರು.

ಅವರು ನಮ್ಮ ಕಟ್ಟೆಗೆ ಬಂದ ಕತೆಯನ್ನು ಅತ್ತೆ ಹೇಳಿದ್ದು. ಇವರು ಆಗ ಅತ್ತೆಯ ಹೊಟ್ಟೆಯಲ್ಲಿ. ಏಳು ತಿಂಗಳಾದರೂ ಹಸಿರು ಬಳೆ, ಕುಬಸ ತೊಗೊಂಡು ಅತ್ತೆಯ ತವರಿನಿಂದ ಯಾರೂ ಬಂದಿರಲಿಲ್ಲ; ಏನೋ ಆಸ್ತಿಯ ಮುನಿಸು. ಆಷಾಢದ ಒಂದು ಮಧ್ಯಾಹ್ನ ಬಳೆಯ ಬುಟ್ಟಿ ಹೊತ್ತ ಹರೆಯದ ಹೆಂಗಸೊಬ್ಬಳು ಮಳೆಗೆ ಈ ಕಟ್ಟೆಯ ಕಂಬದ ಮರೆಗೆ ಬಂದು ನಿಂತಳು. ಬಾಗಿಲಲ್ಲಿದ್ದ ಅತ್ತೆಯ ಹೊಟ್ಟೆ ನೋಡಿದಳು, ಕೈ ನೋಡಿದಳು, ಏನೂ ಕೇಳದೆ ಬುಟ್ಟಿಯಿಂದ ಹಸಿರು ಬಳೆ ತೆಗೆದು ಏರಿಸಿದಳು. ಅತ್ತೆ ಅತ್ತರಂತೆ. ಮಳೆ ನಿಂತ ಮೇಲೆ, ಇನ್ನ ಮ್ಯಾಲೆ ತಲಿ ಮ್ಯಾಲೆ ಹೊತ್ತು ಅಡ್ಯಾಡಬ್ಯಾಡ, ಇಲ್ಲೇ ಕುಂದ್ರು, ಎಂದರಂತೆ. ಕಾಗದವಿಲ್ಲ, ಬಾಡಿಗೆಯಿಲ್ಲ, ಅಷ್ಟೇ ಮಾತು. ಆ ಮಾತಿನ ಮೇಲೆ ಖಾಲಾ ಐವತ್ತು ವರ್ಷಕ್ಕೆ ಹತ್ತಿರ ಹತ್ತಿರ ಕೂತರು.

ಇನ್ನೊಂದನ್ನು ಯಾರೂ ನನಗೆ ಹೇಳಲಿಲ್ಲ, ನಾನೇ ಕಂಡದ್ದು. ಮಾವ ತೀರಿಕೊಂಡಾಗ ಬಂಧು ಬಳಗದವರು ಅತ್ತೆಯ ಬಳೆ ತೆಗೆಸಿದರು. ತಿಂಗಳೊಪ್ಪತ್ತಿನ ಮೇಲೆ, ಮಧ್ಯಾಹ್ನ ಬೀದಿ ತೂಕಡಿಸುವ ಹೊತ್ತಿನಲ್ಲಿ, ಕಿಟಕಿಯಿಂದ ನೋಡುತ್ತೇನೆ, ಅತ್ತೆ ಕಂಬದ ಮರೆಯಲ್ಲಿ ಖಾಲಾನ ಎದುರು ಕೂತಿದ್ದಾರೆ, ಬಲಗೈ ಚಾಚಿದ್ದಾರೆ. ಖಾಲಾ ಕರಟದ ಸಾಬೂನು ಸವರಿ, ಹೆಬ್ಬೆರಳು ಮಡಚಿ, ಗೆಣ್ಣು ಒತ್ತಿ, ಬಳೆ ಏರಿಸುವಾಗ ಮಾಡುವುದನ್ನೆಲ್ಲ ಮಾಡಿದರು. ಬಳೆ ಮಾತ್ರ ಇಲ್ಲ. ಒದ್ದೆ ಅರಿವೆಯಿಂದ ಕೈ ಒರೆಸಿದರು. ಅತ್ತೆ ಎದ್ದು ಒಳಗೆ ಬಂದು ಅಕ್ಕಿ ಆರಿಸಲು ಕೂತರು. ಆಮೇಲೂ ಎಷ್ಟೋ ಸಲ ಹೀಗೆ ನಡೆದದ್ದನ್ನು ನೋಡಿದ್ದೇನೆ. ಅತ್ತೆ ಇರುವ ತನಕ ನಡೆಯಿತು.

ಅತ್ತೆ ಹೋಗಿ ಮೂರು ವರ್ಷಕ್ಕೆ ನಮ್ಮ ಬೀದಿಯನ್ನು ಉಳಿಸುವವರು ಬಂದರು.

ದಾಂಡೇಲಿಗೆ ಹೊಳೆಯಲ್ಲಿ ದೋಣಿ ಆಡಲು ಬರುವ ಜನ ಈಗ ವಿಪರೀತ. ಅವರು ವಾಪಸು ಹೋಗುವಾಗ ಹಳಿಯಾಳದಲ್ಲಿ ಒಂದು ತಾಸು ನಿಲ್ಲುವಂತೆ ಹಳೇ ಪೇಟೆಯನ್ನು ಮೊದಲು ಇದ್ದಂತೆಯೇ ಕಾಪಾಡಿ ತೋರಿಸಬೇಕೆಂದು ಸರಕಾರದ ಯೋಜನೆ. ನಿಜ ಹೇಳಬೇಕೆಂದರೆ ನಮಗೆ ಸಂತೋಷವೇ ಆಗಿತ್ತು. ಸಾಲಾಗಿ ಇಪ್ಪತ್ತು ಮನೆ, ಹಂಚು ಸೋರುತ್ತಿದ್ದವು, ಹಲಗೆ ಬಾಗಿಲು ಹುಳ ತಿಂದಿದ್ದವು. ನಮ್ಮ ಹಗ್ಗ ತಾಡಪತ್ರಿ ಅಂಗಡಿಯ ಮಾಡು ಆ ಮಳೆಗಾಲ ದಾಟುತ್ತದೋ ಇಲ್ಲವೋ ಎಂಬ ಸ್ಥಿತಿ. ಅವರದೇ ಖರ್ಚಿನಲ್ಲಿ ಸರಿ ಮಾಡಿಕೊಡುತ್ತಾರೆಂದರೆ ಯಾರು ಬೇಡ ಅನ್ನುತ್ತಾರೆ? ಬೀದಿಯವರೆಲ್ಲ ಸಹಿ ಮಾಡಿದರು. ಇವರೂ ಮಾಡಿದರು.

ಸಣ್ಣ ವಯಸ್ಸಿನ ಒಬ್ಬ ಇಂಜಿನಿಯರ್ ಹುಡುಗಿ ಮನೆ ಮನೆಗೆ ಟೇಪು ಹಿಡಿದು ಅಳೆದಳು. ಬೀದಿ ಮೊದಲು ಹೇಗಿತ್ತು ಎಂದು ಯಾರಾದರೂ ಬರೆದುಕೊಟ್ಟರೆ ಒಳ್ಳೆಯದು ಎಂದಳು. ಇವರು ಹೆಮ್ಮೆಯಿಂದ ನನ್ನನ್ನು ತೋರಿಸಿದರು, ನಮ್ಮನ್ಯಾಕಿ ಕಾನ್ವೆಂಟ್ ಓದ್ಯಾಳ್ರಿ, ಅಕ್ಷರ ಮುತ್ತಿನಂಗ. ಮದುವೆಯಾದ ಮೇಲೆ ಕಿರಾಣಿ ಚೀಟಿ ಬಿಟ್ಟು ಬೇರೇನೂ ಬರೆಯಲು ನನಗೆ ಯಾರೂ ಹೇಳಿರಲಿಲ್ಲ. ಹತ್ತು ದಿನ ಕೂತು, ಅಂಚು ಬಿಟ್ಟು, ಗೆರೆ ತಪ್ಪದಂತೆ ಹನ್ನೆರಡು ಪುಟ ಬರೆದೆ. ಅತ್ತೆ ಹೇಳಿದ್ದು, ಅವರ ಅತ್ತೆ ಅವರಿಗೆ ಹೇಳಿದ್ದು ಎಲ್ಲವೂ ಬಂತು. ಎತ್ತು ಕಟ್ಟುವ ಕಬ್ಬಿಣದ ಬಳೆಗಳು, ನಾಟಾ ಸಾಗಿಸುವ ಗಾಡಿಗಳು, ಸಂಜೆ ಕಂದೀಲು ಹಚ್ಚುವ ಮನುಷ್ಯ. ಕಟ್ಟೆಗಳ ಬಗ್ಗೆ ಬರೆದ ಎರಡು ವಾಕ್ಯ ನನಗೇ ಬಹಳ ಹಿಡಿಸಿದ್ದವು: ‘ಮುಂಜಾನೆ ಸಾರಿಸಿದ ಕಟ್ಟೆಗಳ ಮೇಲೆ ಏನನ್ನೂ ಇಡುತ್ತಿರಲಿಲ್ಲ. ಬೀದಿಯ ಈ ತುದಿಯಲ್ಲಿ ನಿಂತರೆ ಆ ತುದಿಯವರೆಗೆ ಬರಿಯ ಕಟ್ಟೆಗಳ ಸಾಲು ಚೊಕ್ಕವಾಗಿ ಕಾಣುತ್ತಿತ್ತು.’

ಅದನ್ನು ಬರೆಯುವಾಗ ಕಿಟಕಿಯಾಚೆ ಖಾಲಾ ಯಾರಿಗೋ ಬಳೆ ಏರಿಸುತ್ತಿದ್ದ ಸಪ್ಪಳ ಕೇಳುತ್ತಲೇ ಇತ್ತು. ಅವರನ್ನು ಬರೆಯಬೇಕು ಅನ್ನಿಸಲೇ ಇಲ್ಲ. ದ್ವೇಷವಲ್ಲ, ಮರೆವೂ ಅಲ್ಲ. ಇತಿಹಾಸ ಎಂದರೆ ನಾವು ಕಾಣದೆ ಇದ್ದದ್ದು ಎಂದು ಶಾಲೆಯಲ್ಲಿ ಕಲಿತಿದ್ದೆ. ದಿನಾ ಕಾಣುವವರನ್ನು ಅದರಲ್ಲಿ ಬರೆಯುತ್ತಾರೆಂದು ನನಗೆ ತೋಚಲಿಲ್ಲ.

ನಾನು ಬೀದಿಯ ಚರಿತ್ರೆ ಬರೆದ ಸುದ್ದಿ ಹಬ್ಬಿತು. ಖಾಲಾ ಮರುದಿನವೇ ಕರೆದು, ತೊಗೊಂಡು ಬಾ ನೋಡೂಣು ಎಂದರು. ಅವರಿಗೆ ಓದಲು ಬರುತ್ತಿರಲಿಲ್ಲ. ದಾರ ಕಟ್ಟಿದ ಕನ್ನಡಕ ಏರಿಸಿ ಒಂದೊಂದೇ ಹಾಳೆ ತಿರುವಿದರು. ಅಕ್ಷರ ಚೊಲೋ ಅದಾವ ಎಂದರು. ಆಮೇಲೆ, "ನಾ ಎಲ್ಲಿ ಬರ್ತೀನಿ? ತೋರಿಸು," ಎಂದರು.

ನಾನು ಏಳನೆಯ ಪುಟ ತೆಗೆದು ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟೆ. ಅದು ಕಂದೀಲಿನ ಸಾಲು. ಖಾಲಾ ತಮ್ಮ ಸಾಬೂನಿನ ಬೆರಳನ್ನು ಸೆರಗಿಗೆ ಒರೆಸಿಕೊಂಡು ಆ ಸಾಲನ್ನು ಮುಟ್ಟಿದರು, ಮುಟ್ಟಿದ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ಸಂಜೆ ಬರೆದು ಸೇರಿಸಿದರಾಯಿತು, ಸುಳ್ಳು ನಿಜವಾಗುತ್ತದೆ ಎಂದುಕೊಂಡೆ. ಸಂಜೆ ಮನೆಗೆ ಯಾರೋ ಬಂದರು. ಮರುದಿನ ಇಂಜಿನಿಯರ್ ಹುಡುಗಿ ಬಂದು ಹಾಳೆಗಳನ್ನು ಒಯ್ದಳು. ಆಗಲೂ ಒಂದು ನಿಮಿಷ ಇರು ತಾಯಿ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಹಂಚು ಹೊದಿಸಿದರು, ಹಲಗೆ ಬಾಗಿಲಿಗೆಲ್ಲ ಒಂದೇ ಕಂದು ಬಣ್ಣ ಬಳಿದರು, ತಂತಿಗಳನ್ನು ನೆಲದೊಳಗೆ ಇಳಿಸಿದರು. ಮುಂದಿನ ವರ್ಷ ಬೇಸಿಗೆಯಲ್ಲಿ ನೋಟೀಸು ಬಂತು. ಕಟ್ಟೆಗಳ ಮೇಲೆ ಯಾವ ಸಾಮಾನೂ, ಯಾವ ವ್ಯಾಪಾರವೂ ಇರಕೂಡದು, ಮೂಲ ಸ್ಥಿತಿಗೆ ತರಬೇಕು, ಎಂಟು ದಿನ ಅವಧಿ. ಒಂದು ಕಟ್ಟೆ ತೆರವಾಗದಿದ್ದರೂ ಇಡೀ ಸಾಲಿನ ಉಳಿದ ಕೆಲಸ ನಿಲ್ಲುತ್ತದೆ ಎಂದು ಕೊನೆಯಲ್ಲಿತ್ತು. ಕಟ್ಟೆಯ ಮೇಲೆ ಕೂತು ಹೊಟ್ಟೆ ಹೊರೆಯುತ್ತಿದ್ದವರು ಬೀದಿಯಲ್ಲಿ ಖಾಲಾ ಒಬ್ಬರೇ. ಅವರಿಗೆ ಬಸ್‌ಸ್ಟ್ಯಾಂಡ್ ಹಿಂದಿನ ಹೊಸ ಕಟ್ಟಡದಲ್ಲಿ ಜಾಗ ಕೊಡುವುದಾಗಿ ಹೇಳಿದರು. ಮೇಲಿನ ಮಜಲಿನಲ್ಲಿ. ಅವರ ಎರಡೂ ಮೊಣಕಾಲು ಆಗಲೇ ಹೋಗಿದ್ದವು. ನಮ್ಮ ಕಟ್ಟೆಯ ನಾಲ್ಕು ಮೆಟ್ಟಿಲನ್ನೇ ಕಂಬ ಹಿಡಿದು ಹತ್ತುತ್ತಿದ್ದರು.

ಇವರು ಎರಡು ಸಲ ಯೋಜನೆಯ ಕಚೇರಿಗೆ ಹೋಗಿ, ಖಾಲಾನನ್ನು ಅಲ್ಲೇ ಬಿಡಿರೆಂದು ಕೇಳಿ ಬಂದರು. ಬೀದಿಯವರು ಮುಖ ಗಂಟು ಹಾಕತೊಡಗಿದರು. ಒಬ್ಬಾಕಿ ಸಲುವಾಗಿ ಇಪ್ಪತ್ತು ಮನಿ ಕೆಲಸ ನಿಲ್ಲಬೇಕೇನ್ರಿ ಎಂದು ವೈನಿಯ ಗಂಡ ಅಂಗಡಿಗೇ ಬಂದು ಕೇಳಿದರು. ಅವರದೂ ತಪ್ಪಲ್ಲ, ಅವರ ಹಿಂದಿನ ಗೋಡೆ ಇನ್ನೂ ಅರ್ಧಕ್ಕೇ ನಿಂತಿತ್ತು. ಕೊನೆಗೆ ನಾನು ಅರ್ಜಿ ಬರೆದೆ. ಹೆಸರು ಕೇಳಿದೆ, ಖಾಲಾ ಹೇಳುವ ಮುಂಚೆ ಯಾಕೋ ನಾಚಿದರು. ನಾವಿಬ್ಬರೂ ರಿಕ್ಷಾ ಮಾಡಿಕೊಂಡು ಕಚೇರಿಗೆ ಹೋದೆವು.

ಅಧಿಕಾರಿ ಒಳ್ಳೆಯವರೇ. ಕೂಡ್ರಿ ಮೇಡಂ ಎಂದು ನನಗೆ ಕುರ್ಚಿ ತೋರಿಸಿದರು. ಅದು ಒಂದೇ ಕುರ್ಚಿ. ಖಾಲಾನಿಗೆ ಕೊಡಹೋದರೆ ಅವರು ಬೇಡವೆಂದು ಮೇಜಿನ ಅಂಚು ಹಿಡಿದು ನಿಂತರು. ಅರ್ಜಿ ಪೂರ್ತಿ ಓದಿದ ಮೇಲೆ ಅಧಿಕಾರಿ ಕಪಾಟಿನಿಂದ ಒಂದು ಫೈಲು ತೆಗೆದರು. ನನ್ನ ಅಕ್ಷರವನ್ನು ನಾನು ದೂರದಿಂದಲೇ ಗುರುತಿಸಿದೆ.

"ಇದು ನೀವ ಬರದದ್ದಲ್ರಿ ಮೇಡಂ? ಇದನ್ನ ಆಧಾರ ಇಟ್ಕೊಂಡು ಮಾಡೇವಿ. ಬೇರೆ ಯಾರೂ ಇಷ್ಟು ಚೊಲೋ ಬರದುಕೊಟ್ಟಿಲ್ಲ," ಎಂದು ಕಟ್ಟೆಯ ಆ ಎರಡು ವಾಕ್ಯವನ್ನು ಗಟ್ಟಿಯಾಗಿ ಓದಿದರು. ಓದುವಾಗ ಚೊಕ್ಕವಾಗಿ ಎಂಬ ಮಾತಿನ ಮೇಲೆ ಒತ್ತು ಕೊಟ್ಟರು.

ಇನ್ನೊಂದು ಪುಟ ಬರೆದು ಸೇರಿಸಬಹುದೇ ಎಂದು ಕೇಳಿದೆ. ಮೇಲಿನಿಂದ ಮಂಜೂರಾಗಿ ಬಂದ ಫೈಲು, ಒಂದಕ್ಷರ ಹಚ್ಚಲು ಬರುವುದಿಲ್ಲ ಎಂದರು. ಅಷ್ಟರಲ್ಲಿ ಖಾಲಾ ಬಾಯಿ ತೆರೆದರು.

"ಸಾಹೇಬ್ರ, ಅದರಾಗ ಬಳಿ ಮಾರಾಕಿ ಅಂತ ಎಲ್ಲೂ ಬರಂಗಿಲ್ಲೇನ್ರಿ?"

ಅವರು ಪಾಪ, ಹನ್ನೆರಡೂ ಪುಟ ತಿರುವಿ ಹಾಕಿದರು. ಏಳನೆಯ ಪುಟ ಬಂದಾಗ ನಾನು ಕಿಟಕಿಯ ಕಡೆ ನೋಡಿದೆ. "ಇಲ್ಲಮ್ಮಾ. ಎಲ್ಲೂ ಇಲ್ಲ," ಎಂದರು.

ವಾಪಸು ಬರುವಾಗ ರಿಕ್ಷಾದಲ್ಲಿ ಖಾಲಾ ಏನಾದರೂ ಬೈಯಲಿ ಎಂದು ಕಾದೆ. ಮಾರ್ಕೆಟ್ ಮೂಲೆ ತಿರುಗುವಾಗ ಮೆಲ್ಲಗೆ, "ಬರದದ್ದು ಖೊಟ್ಟಿ ಅಲ್ಲ ಬಿಡ್ರಿ. ನಾ ಬರೂಕಿಂತ ಮೊದ್ಲ ಕಟ್ಟಿ ಖಾಲೀನ ಇತ್ತು," ಎಂದರು.

ಬಿಡ್ರಿ ಎಂದರು. ಅವತ್ತಿನವರೆಗೆ ನನ್ನನ್ನು ಏಕವಚನದಲ್ಲೇ ಕರೆದವರು ಅವರು. ಅಂದಿನಿಂದ ಬರ್ರಿ, ಕೂಡ್ರಿ, ಹೌದ್ರಿ. ಕಾನ್ವೆಂಟ್ ಎಂದು ಮತ್ತೆ ಕರೆಯಲಿಲ್ಲ. ಬೇರೆ ಹೆಂಗಸರೊಡನೆ ಎಂದಿನಂತೆ ಮಾತು, ಚೇಷ್ಟೆ. ನಾನು ಹೋದರೆ ಸೆರಗು ಸರಿಮಾಡಿಕೊಂಡು, ಮನೆಯೊಡತಿಯ ಜೊತೆ ಮಾತಾಡುವಂತೆ ಮಾತಾಡಿದರು.

ಎಂಟನೆಯ ದಿನ ಗೋಣಿತಟ್ಟು ಮಡಚಿದರು. ಕಂಬದ ಮೊಳೆಯಿಂದ ಬಳೆಯ ಸರ ಇಳಿಸಿಕೊಂಡರು. ತಾವು ಕೂಡುತ್ತಿದ್ದ ಜಾಗವನ್ನು ಅವರೇ ಗುಡಿಸಿ, ಬಳೆಚೂರುಗಳನ್ನು ಬಗ್ಗಿ ಬಗ್ಗಿ ಆರಿಸಿ ಡಬ್ಬಿಗೆ ಹಾಕಿದರು, ಯಾರ ಕಾಲಿಗೂ ಚುಚ್ಚಬಾರದೆಂದು. ನಾನು ಚಹಾ ಕೊಟ್ಟೆ, ಕುಡಿದರು. ಮರುದಿನ ಕೆಲಸದವರು ಬಂದು ಮೊಳೆ ಕಿತ್ತು, ಆ ತೂತಿಗೆ ಮೇಣ ತುಂಬಿ ಬಣ್ಣ ಬಳಿದರು. ಅದಾದ ವಾರದಲ್ಲೇ ವೈನಿಯ ಹಿಂದಿನ ಗೋಡೆ ಎದ್ದಿತು.

ಹೊಸ ಕಟ್ಟಡದ ಮೇಲಿನ ಮಜಲಿಗೆ ಅವರು ಹದಿನೈದು ಇಪ್ಪತ್ತು ದಿನ ಹತ್ತಿರಬೇಕು. ನಾನು ಒಮ್ಮೆ ಹೋಗಿದ್ದೆ. ಎಡಕ್ಕೆ ಮೊಬೈಲ್ ರಿಪೇರಿ, ಬಲಕ್ಕೆ ಜೆರಾಕ್ಸು, ಎದುರಿಗೆ ಗಂಡಸರ ಕಟಿಂಗ್ ಸಲೂನು. ನಡುವೆ ಗಾಜಿನ ಬಾಗಿಲಿನ ಒಂದು ಗೂಡಿನಲ್ಲಿ, ಎಲ್ಲ ಕಡೆಯಿಂದಲೂ ಕಾಣುವಂತೆ, ಖಾಲಾ. ಕೈಚಾಚಿ ಕೂಡಲು ಯಾವ ಹೆಂಗಸಿಗೆ ಮನಸ್ಸು ಬಂದೀತು? ಸಂತೆಗೆ ಬಂದ ಹೆಂಗಸರು ನಮ್ಮ ಕಟ್ಟೆಯ ಹತ್ತಿರ ಬಂದು, ಕಂಬದ ಹಿಂದೆ ಇಣುಕಿ, ನನ್ನನ್ನು ಕೇಳುತ್ತಿದ್ದರು. ನಾನು ದಾರಿ ಹೇಳುತ್ತಿದ್ದೆ. ಮೇಲಿನ ಮಜಲು ಎಂದ ಕೂಡಲೇ, ಇರಲಿ ಬಿಡ್ರಿ, ಮುಂದಿನ ಸಂತಿಗೆ ನೋಡಿದ್ರಾತು, ಎಂದು ಹೊರಟುಬಿಡುತ್ತಿದ್ದರು. ಮಳೆಗಾಲ ಶುರುವಾಗುವ ಮುಂಚೆ ಖಾಲಾ ಪೆಟ್ಟಿಗೆ ಕಟ್ಟಿಕೊಂಡು ಮುಂಡಗೋಡದ ತಂಗಿಯ ಮನೆಗೆ ಹೋದರು.

ದೀಪಾವಳಿಯಾದ ಮೇಲೆ ನಾನು ಅಲ್ಲಿಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋದದ್ದು. ಬಸ್ಸಿನಲ್ಲಿ ಮಾತುಗಳನ್ನು ಒಂದರ ಹಿಂದೊಂದು ಜೋಡಿಸಿಕೊಂಡಿದ್ದೆ. ತಂಗಿಯ ಮನೆ ಟಿಬೆಟನ್ ಕಾಲೊನಿಗೆ ಹೋಗುವ ರಸ್ತೆಯ ಅಂಚಿನಲ್ಲಿ. ಮುಂದೆ ಗೋವಿನಜೋಳದ ತೆನೆ ಒಣಹಾಕಿದ್ದರು. ಹೊಸ್ತಿಲಲ್ಲಿ ಖಾಲಾ ಕೂತಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ಕೆಂಪು ನಿಲುವಂಗಿಯ ಸನ್ಯಾಸಿಗಳು ಗುಂಪಾಗಿ ಹೋಗುವುದನ್ನು ತೋರಿಸಿ, ಇಲ್ಲಿ ಅಡ್ಯಾಡೋರೆಲ್ಲ ಇವರ ನೋಡ್ರಿ, ತಲಿನೂ ಖಾಲಿ ಕೈನೂ ಖಾಲಿ, ನನ್ನ ಧಂಧೆಕ್ಕ ಚೊಲೋ ಊರು ಹುಡುಕೀನಿ, ಎಂದು ನಕ್ಕರು. ರೀ ಹಚ್ಚಿಯೇ ನಕ್ಕರು.

ಜೋಡಿಸಿಕೊಂಡ ಮಾತೆಲ್ಲ ಬಿಟ್ಟು, ಬಳಿ ಇಡ್ರಿ ಖಾಲಾ ಎಂದು ಕೈ ಚಾಚಿದೆ. ಅವರು ಒಳಗಿನಿಂದ ಪೆಟ್ಟಿಗೆ ತರಿಸಿದರು, ಕರಟದಲ್ಲಿ ಸಾಬೂನು ನೆನೆಸಿದರು. ಹೆಬ್ಬೆರಳು ಮಡಚಿ ಗೆಣ್ಣು ಒತ್ತಿದರು. ಒತ್ತುವುದರಲ್ಲಿ ಬಲವೇ ಇರಲಿಲ್ಲ. ಬಳೆ ಗೆಣ್ಣಿನ ಹತ್ತಿರ ಬಂತು. ಈಗ ಕೇಳುತ್ತಾರೆ ಎಂದು ಕಾದೆ. ನನ್ನ ತಾಯಿಯ ಬಗ್ಗೆ, ದಾಂಡೇಲಿಯ ಮನೆಯ ಬಗ್ಗೆ, ಏನಾದರೊಂದು. ಅವರು ಏನೂ ಕೇಳಲಿಲ್ಲ. ನನ್ನ ಕೈ ತಾನಾಗಿ ಬಿಗಿಯಿತು, ಬಳೆ ಚಟ್ಟನೆ ಒಡೆಯಿತು. ಸಣ್ಣ ಗಾಯ. ಖಾಲಾ ಒದ್ದೆ ಅರಿವೆಯಿಂದ ಒರೆಸಿ, ನನ್ನ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟು, "ಇನ್ನ ಆಗಂಗಿಲ್ರಿ ನನ್ನ ಕೈಲೆ," ಎಂದರು. ಪೆಟ್ಟಿಗೆ ಮುಚ್ಚಿದರು. ನಾನು ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದೆ. ಮತ್ತೆ ಹೋಗಲಿಲ್ಲ, ಹೋಗಬೇಕು ಹೋಗಬೇಕು ಎಂದುಕೊಳ್ಳುತ್ತಲೇ ಇದ್ದೆ.

ಪಾವ್ ಮಾರುವಾತ ಸುದ್ದಿ ಹೇಳಿದ ಆ ದಿನ ಬೇರೆ ಏನೂ ನಡೆಯಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದ ಇವರಿಗೆ ಹೇಳಿದೆ. ಅವರು ಹಿಡಿದ ತುತ್ತನ್ನು ತಟ್ಟೆಗೆ ಇಳಿಸಿ, ಅವ್ವ ಇದ್ದಿದ್ರ ಒಪ್ಪತಿರಲಿಲ್ಲ ನೋಡು, ಎಂದಷ್ಟೇ ಅಂದರು. ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಮುಂಡಗೋಡಕ್ಕೆ ಹೋಗೋಣವೇ ಎಂದುಕೊಂಡೆ. ಹೋಗಿ ಯಾರಿಗೆ ಏನು ಹೇಳುವುದು? ಅವರ ತಂಗಿಗೆ ನಾನು ಯಾರೆಂದು ಗೊತ್ತಿದೆ. ಕಟ್ಟೆಯವರು.

ಸಂಜೆ ನಾಲ್ಕೂವರೆಗೆ ದಾಂಡೇಲಿ ಕಡೆಯಿಂದ ಪ್ರವಾಸಿಗರ ಒಂದು ಗಾಡಿ ಬಂದು ನಿಂತಿತು. ಹತ್ತು ಹನ್ನೆರಡು ಜನ ಇಳಿದು ಬೀದಿಯ ತುದಿಯಲ್ಲಿ ನಿಂತರು. ಅಲ್ಲಿಂದ ನೋಡಿದರೆ ಈಗ ನಿಜವಾಗಿಯೂ ಆ ತುದಿಯವರೆಗೆ ಬರಿಯ ಕಟ್ಟೆಗಳ ಸಾಲು ಕಾಣುತ್ತದೆ, ನಾನು ಬರೆದಂತೆಯೇ. ಫೋಟೋ ತೆಗೆದರು. ಕೊಳ್ಳಲು ಏನಾದರೂ ಸಿಗುತ್ತದೋ ಎಂದು ಹಲಗೆ ಬಾಗಿಲುಗಳ ಒಳಗೆ ಇಣುಕಿದರು. ಹಗ್ಗ, ತಾಡಪತ್ರಿ, ಸ್ಟೀಲಿನ ಕೊಡ ಅವರಿಗೆ ಯಾಕೆ ಬೇಕು? ಹತ್ತು ನಿಮಿಷಕ್ಕೆ ಗಾಡಿ ಹತ್ತಿದರು.

ವೈನಿ ಅಂಗಡಿಯ ಮುಂದೆ ನೀರು ಚಿಮುಕಿಸಿ, ಖಾಲಿ ಕೊಡ ಬಗಲಲ್ಲಿಟ್ಟುಕೊಂಡು ನಮ್ಮ ಕಡೆ ದಾಟಿ ಬಂದರು. ಖಾಲಾ ತೀರಿಕೊಂಡ ಸುದ್ದಿಯನ್ನು ಅವರಿಗೂ ಹೇಳಿದೆ. ಯಾವಾಗ, ಏನಾಗಿತ್ತು ಎಂದು ಕೇಳಿದರು, ನನಗೆ ಗೊತ್ತಿದ್ದದ್ದೇ ಸ್ವಲ್ಪ. ಪಾಪ, ಭಾಳ ನಗಸ್ತಿದ್ಲು ಎಂದು ತಮ್ಮ ಕೈಯ ಪ್ಲಾಸ್ಟಿಕ್ ಬಳೆಗಳನ್ನು ಹಿಂದಕ್ಕೆ ಸರಿಸಿಕೊಂಡರು. ಆಮೇಲೆ ವೈನಿ ನಮ್ಮ ಕಟ್ಟೆಯನ್ನು ಆ ಕಡೆಯಿಂದ ಈ ಕಡೆಗೆ ಒಮ್ಮೆ ನೋಡಿ, ಹೊರಳಿ ಹೋಗುತ್ತ ಅಂದರು:

"ನಿಮ್ಮ ಕಟ್ಟಿ ಭಾಳ ಬಣಬಣ ಕಾಣ್ತೈತಿ ನೋಡ್ರಿ. ಆ ಕಂಬದ ಹಿಂದ ಎರಡು ಹೂವಿನ ಕುಂಡ ತಂದಿಡ್ರಿ. ಕುಂಡ ಇಡಾಕ ಅಡ್ಡಿ ಇಲ್ಲಂತ, ನಮ್ಮನ್ಯಾವ್ರು ಕೇಳಿ ಬಂದಾರ."